ಬೇಡವಂತೆ

‘ಬುದ್ಧಿ, ಇವರಿಗೆ ಗುಣವಾಗುತ್ತದೆಯೆ?’

ಮಠಕ್ಕೆ ಬರುವ ಭಕ್ತರು ನಮ್ಮ ಮುಂದಿಡುವ ಪ್ರಶ್ನೆಗಳಲ್ಲಿ ಇದರಷ್ಟು ಕಠಿನವಾದುದು ಮತ್ತೊಂದಿಲ್ಲ. ಮನೆಯ ಪಾಯ ಹಾಕಲು ಯಾವ ತಿಂಗಳು ಒಳ್ಳೆಯದು, ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬಂಥವಕ್ಕೆ ತಿಳಿದಷ್ಟು ಹೇಳಿ, ತಿಳಿಯದುದಕ್ಕೆ ತಿಳಿದವರ ಮನೆ ತೋರಿಸಿ ಸುಮ್ಮನಾಗಬಹುದು. ರೋಗಿಯ ಮನೆಯವರು ಕೇಳುವ ಈ ಪ್ರಶ್ನೆ ಹಾಗಲ್ಲ. ಅವರು ವೈದ್ಯರನ್ನು ಆಗಲೇ ಕೇಳಿರುತ್ತಾರೆ. ವೈದ್ಯರು ಹೇಳಿದುದು ಸಾಲದೆ ನಮ್ಮಲ್ಲಿಗೆ ಬಂದಿರುತ್ತಾರೆ. ‘ಆಗುತ್ತದೆ’ ಎಂದರೆ ಅದನ್ನು ಗುರುವಾಕ್ಯವೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ‘ತಿಳಿಯದು’ ಎಂದರೆ ಅಲ್ಲಿಯೇ ಕುಸಿದು ಕುಳಿತುಬಿಡುತ್ತಾರೆ. ಮಠದ ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವಾಗಲಿ ವಿಶ್ವವಿದ್ಯಾನಿಲಯದಲ್ಲಿ ಪಡೆದ ಪದವಿಯಾಗಲಿ ಆ ಒಂದು ಕ್ಷಣದಲ್ಲಿ ನೆರವಿಗೆ ಬಂದುದನ್ನು ನಾವು ಕಾಣೆವು.

ಬಸವೇಶ್ವರನಗರದ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆವು. ಮನೆಯವರು ಸಂತೋಷದಿಂದ ಒಪ್ಪಿದ್ದಾರೆ. ಆದರೂ ಹೆಸರು ಹೇಳುವುದು ಉಚಿತವಲ್ಲವಾದುದರಿಂದ ಅವರನ್ನು ಯಜಮಾನರೆಂದೇ ಕರೆಯುತ್ತೇವೆ. ಆ ತಾಯಿಯವರೂ ಪತಿಯನ್ನು ಹಾಗೆಯೇ ಕರೆಯುವುದು.

ಯಜಮಾನರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯವರು. 1986ರಲ್ಲಿ, ಜನ ಬಿ.ಟಿ.ಎಸ್. ಎನ್ನುತ್ತಿದ್ದ ಬೆಂಗಳೂರು ಸಾರಿಗೆ ಸೇವೆಯಲ್ಲಿ ಕಂಡಕ್ಟರಾಗಿ ಸೇರಿದರು. 1997ರಲ್ಲಿ ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಯಿತು. ಬಸ್ಸಿನ ಮೇಲಿನ ಹೆಸರು ಬದಲಾಯಿತೇ ಹೊರತು ಇವರ ಹೆಗಲ ಚೀಲವಾಗಲಿ ಬಾಯಿಯ ಸೀಟಿಯಾಗಲಿ ಬದಲಾಗಲಿಲ್ಲ. ಸೇವೆಯ ಬಹುಭಾಗ ಮೈಸೂರು ರಸ್ತೆಯಲ್ಲಿಯೇ ಕಳೆಯಿತು: ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ, ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ. 2020ರಲ್ಲಿ, ಕೊರೋನಾ ವ್ಯಾಧಿ ಬಂದು ಬಸ್ಸುಗಳೇ ನಿಂತುಹೋಗಿದ್ದ ಕಾಲದಲ್ಲಿ, ನಿವೃತ್ತರಾದರು. ಹಾರವಿಲ್ಲ, ಬೀಳ್ಕೊಡುಗೆಯ ಮಾತಿಲ್ಲ. ಚೀಲವನ್ನು ಡಿಪೋದಲ್ಲಿ ಒಪ್ಪಿಸಿ ಮನೆಗೆ ಬಂದರು. ಮಠದ ಕಾರ್ತಿಕ ದೀಪೋತ್ಸವಕ್ಕೆ ತಪ್ಪದೆ ಬಂದು ಪ್ರಸಾದದ ಸಾಲಿನಲ್ಲಿ ಜನರನ್ನು ಒಳಕ್ಕೆ ಸರಿಯುವಂತೆ ಹೇಳುತ್ತಿದ್ದವರು ಇವರೇ. ‘ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ’ ಎಂಬ ಆ ದನಿಯನ್ನು ಅನೇಕ ಭಕ್ತರು ಬಲ್ಲರು.

2022ರ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು; ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು; ಕಣ್ಣು ತೆರೆದೇ ಇತ್ತು, ಮಾತಿರಲಿಲ್ಲ. ಮನೆಯವರು ವಾಯುವೆಂದು ಭಾವಿಸಿ ಬಿಸಿ ಎಣ್ಣೆ ತಿಕ್ಕಿದರು. ಸ್ವಲ್ಪ ಮಲಗಿದರೆ ಸರಿಹೋದೀತೆಂದು ಹೊದಿಸಿದರು. ಆಸ್ಪತ್ರೆ ಸೇರುವ ವೇಳೆಗೆ ಮಧ್ಯಾಹ್ನ ಮೀರಿತ್ತು. ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯುತ್ತೇವೆ, ಏಕೆಂದರೆ ಇದು ಎಲ್ಲರ ಮನೆಗೂ ಬೇಕಾದ ತಿಳಿವಳಿಕೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುವ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎಣ್ಣೆಯ ಬಟ್ಟಲನ್ನು ಹುಡುಕದೆ ಮೊದಲು ಗಾಡಿಯನ್ನು ಹುಡುಕಬೇಕು. ರಕ್ತದೊತ್ತಡದ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ತಾವಾಗಿಯೇ ಬಿಡುವವರು ನಮ್ಮ ಭಕ್ತರಲ್ಲಿ ಬಹಳ ಮಂದಿ ಇದ್ದಾರೆ. ಯಜಮಾನರೂ ಅವರಲ್ಲಿ ಒಬ್ಬರಾಗಿದ್ದರು.

ಚಿಕಿತ್ಸೆ ಮುಂದುವರಿದುದು ನಿಮ್ಹಾನ್ಸಿನಲ್ಲಿ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಈ ಸಂಸ್ಥೆ ರೂಪುಗೊಂಡಿತು. ಅದರ ಹೆಸರು ಕೇಳಿದೊಡನೆ ಊರಿನ ಬಂಧುಗಳು ‘ಅವರಿಗೇನು ಹುಚ್ಚೆ?’ ಎಂದು ಹಿಂಜರಿದರಂತೆ. ಐವತ್ತು ವರ್ಷಗಳ ಬಳಿಕವೂ ಈ ತಪ್ಪು ತಿಳಿವಳಿಕೆ ಹೋಗಿಲ್ಲ. ಮಿದುಳು, ಬೆನ್ನುಹುರಿ, ನರಗಳ ಕಾಯಿಲೆಗೂ ನಾಡಿನ ಮೂಲೆಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ಮೂರು ವಾರಗಳ ತರುವಾಯ ಯಜಮಾನರನ್ನು ಮನೆಗೆ ಕರೆತಂದರು. ಜೀವ ಉಳಿದಿತ್ತು. ನಡುಮನೆಯಲ್ಲಿ ಮಂಚ ಹಾಕಿದರು.

ನಾವು ಮೊದಲ ಸಲ ಹೋದುದು ಡಿಸೆಂಬರಿನಲ್ಲಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಗ ರಜೆ ಹಾಕಿ ಮನೆಯಲ್ಲಿದ್ದರು. ತಾಯಿಯವರು ಮಂಚದ ಪಕ್ಕದಲ್ಲಿ ನಿಂತು ಯಜಮಾನರ ವಿಷಯ ಹೇಳತೊಡಗಿದರು. ‘ಇವರಿಗೆ ಮಜ್ಜಿಗೆಹುಳಿ ಎಂದರೆ ಬಹಳ ಇಷ್ಟವಾಗಿತ್ತು ಬುದ್ಧಿ. ಬೆಳಿಗ್ಗೆ ನಾಲ್ಕಕ್ಕೇ ಏಳುತ್ತಿದ್ದರು. ಮೊಮ್ಮಗಳನ್ನು ಬಿಟ್ಟು ಇರುತ್ತಿರಲಿಲ್ಲ.’ ಯಜಮಾನರು ಎರಡು ಮೊಳ ದೂರದಲ್ಲಿ ಕಣ್ಣು ತೆರೆದು ಮಲಗಿ ಇದನ್ನೆಲ್ಲ ಕೇಳುತ್ತಿದ್ದರು. ಲಿಂಗೈಕ್ಯರಾದವರ ಶಿವಗಣಾರಾಧನೆಯ ದಿನ ಬಂಧುಗಳು ಆಡುವ ಮಾತು ಇದೇ ತೆರನಾಗಿರುತ್ತದೆ. ಮನೆಯವರಿಗೆ ಅದು ಅರಿವಿಗೆ ಬಂದಿರಲಿಲ್ಲ. ಪ್ರೀತಿಯಿಲ್ಲದೆ ಆಡಿದ ಮಾತೂ ಅದಲ್ಲ; ಆ ತಾಯಿ ಒಂದು ರಾತ್ರಿಯೂ ನೆಟ್ಟಗೆ ನಿದ್ರೆ ಮಾಡಿರಲಿಲ್ಲ. ಬೆನ್ನುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದು, ಕೈಕಾಲು ಆಡಿಸುವುದು, ಎಲ್ಲವನ್ನೂ ಸೊಸೆಯೊಡನೆ ಸರದಿಯ ಮೇಲೆ ಮಾಡುತ್ತಿದ್ದರು. ಸೇವೆಯಲ್ಲಿ ಕೊರತೆಯಿರಲಿಲ್ಲ. ಆದರೆ ಸೇವೆ ಪಡೆಯುವವರು ಭೂತಕಾಲಕ್ಕೆ ಸಂದುಹೋಗಿದ್ದರು.

ಹಿರಿಯಣ್ಣನವರು ಹಳ್ಳಿಯಿಂದ ಬಂದಿದ್ದರು. ‘ಬಂದದ್ದು ಬಂತು, ಇನ್ನೇಕೆ ಇವನಿಗೆ ಹಿಂಸೆ? ಆ ಹುಡುಗಿ ಬಂದು ಕಾಲೆಳೆಯುವುದು, ಕೈ ತಿರುಚುವುದು ನೋಡಲಾಗುವುದಿಲ್ಲ. ಊರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎಣ್ಣೆ ಕೊಡುವವರಿದ್ದಾರೆ’ ಎಂದರು. ಹುಡುಗಿ ಎಂದರೆ ಮನೆಗೆ ಬಂದು ಅಂಗಸಾಧನೆ ಮಾಡಿಸುತ್ತಿದ್ದ ಫಿಸಿಯೋಥೆರಪಿಯ ವೈದ್ಯೆ. ಅಣ್ಣನವರ ಕಣ್ಣಲ್ಲಿ ನೀರಿತ್ತು. ತಮ್ಮನ ಮೇಲಿನ ಅಕ್ಕರೆಯಿಂದಲೇ ಆಡಿದ ಮಾತದು. ಎಣ್ಣೆ ಹಚ್ಚುವುದಾದರೆ ಇಲ್ಲಿಯೇ ಹಚ್ಚಬಹುದು, ಆದರೆ ಮೊದಲ ಮೂರು ತಿಂಗಳು ಅಂಗಸಾಧನೆ ತಪ್ಪಿಸಬಾರದು ಎಂದು ನಾವು ಹೇಳಿದೆವು. ಇದು ನಮ್ಮ ಸ್ವಂತ ಜ್ಞಾನವಲ್ಲ. ಕೈಕಾಲಿನ ಚೇತರಿಕೆ ಮೊದಲ ತಿಂಗಳುಗಳಲ್ಲಿಯೇ ಹೆಚ್ಚು ವೇಗವಾಗಿ ನಡೆಯುತ್ತದೆಂದೂ, ಮಾತಿನ ಚೇತರಿಕೆ ಅದಕ್ಕಿಂತ ದೀರ್ಘಕಾಲ ಮುಂದುವರಿಯಬಹುದೆಂದೂ ವೈದ್ಯರು ಹೇಳಿದುದನ್ನೇ ತಿರುಗಿ ಹೇಳಿದೆವು. ಕೆಲವೊಮ್ಮೆ ವೈದ್ಯರ ಮಾತು ಕಾವಿಯ ಬಾಯಿಂದ ಬಂದರೆ ಮನೆಯಲ್ಲಿ ನಡೆಯುತ್ತದೆ. ಆ ಮಟ್ಟಿಗೆ ಕಾವಿಗೆ ಉಪಯೋಗವಿದೆ.

ನಾವು ಹೊರಡುವ ಮುನ್ನ ತಾಯಿಯವರು ಒಂದು ಬಿನ್ನಹ ಮಾಡಿದರು. ಯಜಮಾನರು ನಲವತ್ತು ವರ್ಷಗಳಿಂದ ಇಷ್ಟಲಿಂಗ ಪೂಜೆಯನ್ನು ಒಂದು ದಿನವೂ ಬಿಟ್ಟವರಲ್ಲ. ಮುಂಜಾನೆಯ ಪಾಳಿಯಿದ್ದರೆ ಮೂರು ಗಂಟೆಗೇ ಎದ್ದು ಪೂಜೆ ಮುಗಿಸಿ ಡಿಪೋಗೆ ಹೋಗುತ್ತಿದ್ದವರು. ಈಗ ಬಲಗೈ ಇಲ್ಲ. ಲಿಂಗವನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ಪೂಜಿಸುವುದಲ್ಲವೆ ಪದ್ಧತಿ? ತಾವು ಪಕ್ಕದಲ್ಲಿ ಕುಳಿತು ಅವರ ಪರವಾಗಿ ಪೂಜೆ ಮಾಡುತ್ತಿದ್ದೇನೆ, ಸಲ್ಲುತ್ತದೆಯೆ ಎಂದು ಕೇಳಿದರು. ಅಣ್ಣನವರು ‘ಎಡಗೈಯಲ್ಲಿ ಪೂಜೆ ಎಲ್ಲಾದರೂ ಉಂಟೆ?’ ಎಂದರು.

ನಾವು ಯಜಮಾನರ ಬಲಗೈಯನ್ನು ನೋಡಿದೆವು. ಬೆರಳುಗಳು ಒಳಕ್ಕೆ ಮಡಿಸಿಕೊಂಡು ಮುಷ್ಟಿಯಾಗಿದ್ದವು. ಲಿಂಗಕ್ಕೆ ಬೇಕಾದುದು ಅಂಗೈ. ಅದು ಎಡದ್ದೋ ಬಲದ್ದೋ ಎಂಬುದು ಶರೀರ ನೆಟ್ಟಗಿರುವವರ ಅನುಕೂಲಕ್ಕೆ ಬಂದ ಕ್ರಮ. ಬಲ ಅಂಗೈಯನ್ನು ಮೆಲ್ಲನೆ ಬಿಡಿಸಿ ಅದನ್ನೇ ಪೀಠವಾಗಿಸಿ, ಎಡಗೈ ಪೂಜೆ ಮಾಡಲಿ, ತಾವು ಕೆಳಗಿನಿಂದ ಕೈ ಆನಿಸಿ ಹಿಡಿದುಕೊಳ್ಳಿ, ಭಸ್ಮವನ್ನೂ ಪತ್ರೆಯನ್ನೂ ಅವರೇ ಇಡಲಿ ಎಂದೆವು. ಇದಕ್ಕೆ ಆಧಾರವೇನೆಂದು ಕೇಳಬಹುದಾದ ವಿದ್ವಾಂಸರು ನಮ್ಮ ವಾಚಕರಲ್ಲಿ ಇರುವುದನ್ನು ಬಲ್ಲೆವು. ಶಾಸ್ತ್ರಾಧಾರದ ಚರ್ಚೆಗೆ ಇನ್ನೊಮ್ಮೆ ಸಿದ್ಧರಿದ್ದೇವೆ. ಆ ದಿನ ನಮ್ಮೆದುರಿಗಿದ್ದುದು ಮುಚ್ಚಿಕೊಂಡಿದ್ದ ಒಂದು ಕೈ. ಮರುವಾರ ಫಿಸಿಯೋಥೆರಪಿಯ ವೈದ್ಯೆ ಇದನ್ನು ಕೇಳಿ ಬಹಳ ಮೆಚ್ಚಿಕೊಂಡರಂತೆ. ಬಿಗಿದ ಬೆರಳನ್ನು ನಿಧಾನವಾಗಿ ಬಿಡಿಸುವುದೂ, ಸ್ವಾಧೀನವಿಲ್ಲದ ಕೈಯನ್ನು ರೋಗಿ ತಾನೇ ದಿಟ್ಟಿಸಿ ನೋಡುವುದೂ ಅವರು ದಿನವೂ ಮಾಡಿಸಬೇಕೆಂದಿದ್ದ ಸಾಧನೆಗಳೇ. ಅವರು ಒಂದು ಎಚ್ಚರಿಕೆಯನ್ನೂ ಸೇರಿಸಿದರು: ಕೈ ಹಿಡಿದು ಮೇಲಕ್ಕೆಳೆಯಬಾರದು, ಭುಜದ ಕೀಲು ಜಾರುತ್ತದೆ, ಎಬ್ಬಿಸಿ ಕೂರಿಸುವಾಗ ಬೆನ್ನಿಗೆ ಕೈಕೊಡಬೇಕು.

ಜನವರಿಯ ಕೊನೆಯಲ್ಲಿ ಮಠಕ್ಕೆ ಫೋನು ಬಂದಿತು. ತಾಯಿಯವರಿಗೆ ಸಂತೋಷದಿಂದ ಮಾತೇ ಹೊರಡುತ್ತಿರಲಿಲ್ಲ. ಪೂಜೆಯ ನಡುವೆ ಅವರು ಷಡಕ್ಷರಿಯನ್ನು ಮೆಲ್ಲನೆ ಉಚ್ಚರಿಸುತ್ತಿದ್ದಾಗ ಯಜಮಾನರ ಬಾಯಿಂದ ಮಂತ್ರ ಪೂರ್ಣವಾಗಿ, ಸ್ಪಷ್ಟವಾಗಿ ಹೊರಬಿತ್ತಂತೆ. ಮೂರು ತಿಂಗಳಿನಿಂದ ‘ಆ’ ‘ಊ’ ಎಂಬುದನ್ನು ಬಿಟ್ಟು ಬೇರೆ ದನಿಯಿಲ್ಲದ ಬಾಯಿ! ಬೀದಿಯ ಜನವೆಲ್ಲ ಬಂದು ನೋಡಿದರು. ತುಮಕೂರಿನಲ್ಲಿರುವ ಮಗಳು ರಾತ್ರೋರಾತ್ರಿ ಬಂದರು. ಅಣ್ಣನವರು ‘ಇನ್ನು ಯಾವ ವೈದ್ಯರೂ ಬೇಡ, ಶಿವನೇ ಮಾತು ಕೊಟ್ಟ’ ಎಂದರು. ನಾವು ಹೋದಾಗ ಮನೆ ಹಬ್ಬದ ಮನೆಯಾಗಿತ್ತು. ಹೋಳಿಗೆ ಮಾಡಿದ್ದರು.

ಆದರೆ ಯಜಮಾನರು ತಾಯಿಯವರ ಹೆಸರನ್ನು ಹೇಳಲಾರದವರಾಗಿದ್ದರು. ನೀರನ್ನು ತೋರಿಸಿ ‘ಇದೇನು?’ ಎಂದರೆ ತುಟಿ ನಡುಗುತ್ತಿತ್ತು, ಪದ ಬರುತ್ತಿರಲಿಲ್ಲ. ಮಂತ್ರ ಮಾತ್ರ ಬರುತ್ತಿತ್ತು. ಮಗ ಸಂಕೋಚದಿಂದ ಇನ್ನೊಂದು ಸಂಗತಿಯನ್ನು ಹೇಳಿದರು. ಮಂತ್ರಕ್ಕೆ ನಾಲ್ಕು ದಿನ ಮುಂಚೆ, ವೈದ್ಯೆ ಅವರನ್ನು ಹಿಡಿದು ನಿಲ್ಲಿಸಿದಾಗ, ಯಜಮಾನರು ‘ರೈಟ್, ರೈಟ್’ ಎಂದಿದ್ದರು. ಮತ್ತೊಂದು ದಿನ ನಿದ್ರೆಯಿಂದೆದ್ದು ‘ಸಿರ್ಸಿ ಸರ್ಕಲ್, ಬಾಪೂಜಿನಗರ, ನಾಯಂಡಹಳ್ಳಿ’ ಎಂದು ಒಂದೇ ಉಸಿರಿನಲ್ಲಿ ಕೆಂಗೇರಿಯವರೆಗೂ ಹೋಗಿದ್ದರು. ಇದನ್ನು ಯಾರೂ ಬೀದಿಯವರಿಗೆ ಹೇಳಿರಲಿಲ್ಲ, ಹುಚ್ಚೆಂದಾರೆಂಬ ಭಯ.

ಈ ವಿಷಯದಲ್ಲಿ ನಾವು ಸ್ವಲ್ಪ ಓದಿಕೊಂಡಿದ್ದುದು ಆಗ ಪ್ರಯೋಜನಕ್ಕೆ ಬಂದಿತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ದಿನಗಳಲ್ಲಿ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮುಂದೆ ಹಾದುಹೋಗುತ್ತಿದ್ದೆವು. 1965ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಕಿವುಡು ಮಕ್ಕಳನ್ನೂ ಮಾತು ಕಳೆದುಕೊಂಡ ಹಿರಿಯರನ್ನೂ ಕರೆದುಕೊಂಡು ಜನ ಬರುತ್ತಿದ್ದರು. ಭಾಷಾವಿಜ್ಞಾನದ ತರಗತಿಯಲ್ಲಿ ಪ್ಯಾರಿಸ್ಸಿನ ಬ್ರೋಕಾ ಎಂಬ ವೈದ್ಯನ ವಿಷಯ ಬರುತ್ತಿತ್ತು. ‘ಟ್ಯಾನ್’ ಎಂಬ ಒಂದೇ ಸದ್ದನ್ನು ಹೊರಡಿಸಬಲ್ಲ ರೋಗಿಯೊಬ್ಬನು 1861ರಲ್ಲಿ ತೀರಿಕೊಂಡಾಗ ಅವನ ಮಿದುಳನ್ನು ಪರೀಕ್ಷಿಸಿ, ಮಿದುಳಿನ ಎಡ ಅರ್ಧದ ಮುಂಭಾಗದಲ್ಲಿ ಮಾತಿನ ನೆಲೆಯಿದೆಯೆಂದು ಆತ ತೋರಿಸಿದನು. ಎಡ ಅರ್ಧ ಶರೀರದ ಬಲಭಾಗವನ್ನು ನಡೆಸುತ್ತದೆ. ಆದುದರಿಂದಲೇ ಬಲಗೈ ಹೋದವರಲ್ಲಿ ಎಷ್ಟೋ ಮಂದಿಗೆ ಮಾತೂ ಹೋಗುತ್ತದೆ. ಅದಕ್ಕೂ ನೂರು ವರ್ಷಗಳಿಗೆ ಹಿಂದೆ, 1745ರಲ್ಲಿ, ಸ್ವೀಡನ್ ದೇಶದ ಓಲೋಫ್ ದಾಲಿನ್ ಎಂಬ ವಿದ್ವಾಂಸನು ಇಂಥದೇ ಒಬ್ಬನನ್ನು ಕಂಡು ಬರೆದಿಟ್ಟಿದ್ದಾನೆ: ಬಲಭಾಗ ಬಿದ್ದು ಮಾತು ಹೋಗಿದ್ದರೂ ಯಾರಾದರೂ ಮೊದಲು ಎತ್ತಿಕೊಟ್ಟರೆ ಅವನು ದೇವರ ಹಾಡುಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನು, ಕೆಲವು ಪ್ರಾರ್ಥನೆಗಳನ್ನೂ ಹೇಳುತ್ತಿದ್ದನು. ಮುಂದೆ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯನು ಇಂಥ ಮಾತನ್ನು ಎರಡಾಗಿ ವಿಂಗಡಿಸಿದನು. ಎಣಿಕೆ, ಪ್ರಾರ್ಥನೆ, ಬೈಗುಳ ಮುಂತಾಗಿ ಅಭ್ಯಾಸಬಲದಿಂದ ತಾನಾಗಿ ಉರುಳಿಬರುವ ಮಾತು ಒಂದು. ಹೊಸದಾಗಿ ಯೋಚಿಸಿ ಕಟ್ಟಿ ಆಡುವ ಮಾತು ಇನ್ನೊಂದು. ಎರಡನೆಯದು ಪೂರ್ಣವಾಗಿ ಹೋದರೂ ಮೊದಲನೆಯದು ಉಳಿಯಬಹುದು.

ಇದನ್ನು ನಾವು ಹೋಳಿಗೆಯ ಎಲೆಯ ಮುಂದೆ ಹೇಳಬೇಕಾಗಿ ಬಂದಿತು. ಹೇಳದೆ ಇದ್ದಿದ್ದರೆ ಎಲ್ಲರೂ ಸಂತೋಷವಾಗಿರುತ್ತಿದ್ದರು. ಆದರೆ ಫಿಸಿಯೋಥೆರಪಿಯೂ ಮಾತಿನ ಚಿಕಿತ್ಸೆಯೂ ಅಂದೇ ನಿಲ್ಲುತ್ತಿದ್ದವು. ತಾಯಿಯವರ ಮುಖ ಬಾಡಿತು. ‘ಹಾಗಾದರೆ ಮಂತ್ರವೂ ಬಸ್ ಸ್ಟಾಪಿನ ಹೆಸರೂ ಒಂದೇ ಏನು ಬುದ್ಧಿ?’ ಎಂದು ಕೇಳಿದರು. ‘ಎರಡೂ ಒಂದೇ ಪೆಟ್ಟಿಗೆಯಲ್ಲಿವೆ ತಾಯಿ. ಎರಡನ್ನೂ ಯಜಮಾನರು ಮೂವತ್ತು ನಲವತ್ತು ವರ್ಷ ದಿನವೂ ಶ್ರದ್ಧೆಯಿಂದ ಹೇಳಿದ್ದಾರೆ. ಪೆಟ್ಟಿಗೆ ಸುಟ್ಟುಹೋಗಿಲ್ಲವೆಂದು ತಿಳಿಯಿತಲ್ಲ, ಹೋಳಿಗೆಗೆ ಅಷ್ಟು ಸಾಕು’ ಎಂದೆವು. ಮಗ ನಕ್ಕರು. ತಾಯಿಯವರು ನಗಲಿಲ್ಲ. ಬಸ್ಸಿನ ನಿಲ್ದಾಣಗಳನ್ನು ಮಂತ್ರದೊಡನೆ ಸೇರಿಸಿ ಹೇಳಲು ನಮಗೆ ಸಂಕೋಚವೇನೂ ಇರಲಿಲ್ಲ. ದಿನಕ್ಕೆ ಸಾವಿರ ಜನರನ್ನು ಅವರವರ ಮನೆಯ ಹತ್ತಿರ ಇಳಿಸಿದ ದನಿಯದು. ಕಾಯಕದ ಮಾತನ್ನು ಇಷ್ಟು ಬರೆಯುವ ನಾವು ಅದನ್ನು ಕೀಳೆಂದು ಭಾವಿಸುವುದಾದರೂ ಹೇಗೆ?

ಮಾತಿನ ಚಿಕಿತ್ಸೆ ಮಾಡುತ್ತಿದ್ದ ಯುವಕರು ಈ ಪೆಟ್ಟಿಗೆಯನ್ನೇ ಬಳಸಿಕೊಂಡರು. ರಾಗದ ಮೂಲಕ ಮಾತನ್ನು ಮರಳಿ ತರುವ ಒಂದು ಕ್ರಮವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ್ದರು. ಎಡಗೈಯಿಂದ ತಾಳ ತಟ್ಟುತ್ತ, ಎಳೆದೆಳೆದು ಹಾಡಿದಂತೆ ಸಣ್ಣ ಸಣ್ಣ ಮಾತುಗಳನ್ನು ಹೇಳಿಸುವುದು ಅದರ ರೀತಿ. ಅದರ ಜೊತೆಗೆ ಈ ಯುವಕರು ‘ಸಿರ್ಸಿ ಸರ್ಕಲ್, ಬಾಪೂಜಿನಗರ...’ ಎಂದು ಆರಂಭಿಸಿ ಮುಂದಿನ ಹೆಸರನ್ನು ನುಂಗಿಕೊಂಡು ಕಾಯುತ್ತಿದ್ದರು. ಯಜಮಾನರು ತುಂಬುತ್ತಿದ್ದರು. ಆಮೇಲೆ ನಡುವಿನಿಂದ ಕೇಳುವರು, ಹಿಂದುಮುಂದಾಗಿ ಕೇಳುವರು. ತಾನಾಗಿ ಉರುಳುವ ಮಾತನ್ನು ಅಲ್ಲಲ್ಲಿ ತಡೆದು, ತಡೆದ ಕಡೆ ಯೋಚನೆ ಹುಟ್ಟುವಂತೆ ಮಾಡುವ ಉಪಾಯ. ಇದಕ್ಕೆ ಬಹಳ ತಾಳ್ಮೆ ಬೇಕು. ಮೂವತ್ತು ನಿಮಿಷದಲ್ಲಿ ಒಂದು ಪದ ಬಂದರೆ ಅದೇ ದೊಡ್ಡದು.

ಆ ವರ್ಷದ ಶಿವರಾತ್ರಿ ಫೆಬ್ರವರಿ 18ರಂದು. ಹಬ್ಬ ಕಳೆದು ಒಂದು ವಾರವಾಗಿರಬೇಕು. ಮೂಗಿನ ನಳಿಕೆಯನ್ನು ಆಗಲೇ ತೆಗೆದಿದ್ದರು. ನೆಟ್ಟಗೆ ಕೂರಿಸಿ, ಗಂಟಲಿಗೆ ತಪ್ಪಿ ಶ್ವಾಸನಾಳಕ್ಕೆ ಹೋಗದಂತೆ, ಗಟ್ಟಿಯಾಗಿ ಮಾಡಿದ ರಾಗಿ ಗಂಜಿಯನ್ನು ಚಮಚದಲ್ಲಿ ಕೊಡುತ್ತಿದ್ದರು. ತಾಯಿಯವರು ಎರಡನೆಯ ಚಮಚವನ್ನು ಬಾಯಿಯ ಬಳಿಗೆ ಒಯ್ದಾಗ ಯಜಮಾನರು ಎಡಗೈಯಿಂದ ಅದನ್ನು ತಳ್ಳಿದರು. ಗಂಜಿ ಸೀರೆಯ ಮೇಲೆ ಚೆಲ್ಲಿತು. ‘ಬೇಡ’ ಎಂದರು.

ತಾಯಿಯವರು ಅಡುಗೆಮನೆಗೆ ಹೋಗಿ ಅತ್ತರು. ಇಷ್ಟು ಮಾಡಿದ ಕೈಯನ್ನು ತಳ್ಳಿದರಲ್ಲ ಎಂಬ ದುಃಖ. ಸೊಸೆ ಮಾತ್ರ ಚುರುಕಾದವರು. ಕೂಡಲೆ ಮಾತಿನ ಚಿಕಿತ್ಸೆಯ ಯುವಕರಿಗೆ ಫೋನು ಮಾಡಿದರು. ಅವರು ಎರಡು ಸಲ ಕೇಳಿದರಂತೆ: ‘ಯಾರೂ ಹೇಳಿಕೊಡದೆ ತಾವಾಗಿಯೇ ಅಂದರೆ? ತಳ್ಳಿದ ಮೇಲೆಯೇ ಅಂದರೆ?’ ಹೌದೆಂದಾಗ ಅವರ ದನಿಯೇ ಬದಲಾಯಿತಂತೆ. ಇದು ಪೆಟ್ಟಿಗೆಯೊಳಗಿನ ಮಾತಲ್ಲ. ಆ ಗಂಜಿ, ಆ ಚಮಚ, ಆ ಗಳಿಗೆಗಾಗಿ ಹುಟ್ಟಿದ ಮಾತು.

ಮರುದಿನ ತಾಯಿಯವರು ನಮಗೆ ಫೋನು ಮಾಡಿದರು. ಮಂತ್ರ ಬಂದ ದಿನದ ಉದ್ವೇಗ ಈಗ ಇರಲಿಲ್ಲ. ಕೊಂಚ ದೂರಿನ ದನಿಯಲ್ಲಿ, ಕೊಂಚ ನಗುತ್ತ ಹೇಳಿದರು: ‘ಬುದ್ಧಿ, ಇವರಿಗೆ ಗಂಜಿ ಬೇಡವಂತೆ.’

ಆ ಮಾತನ್ನು ಕೇಳಿ ನಾವು ಒಂದು ಗಳಿಗೆ ಸುಮ್ಮನಾದೆವು. ಕನ್ನಡದ ‘ಅಂತೆ’ಯ ವಿಷಯದಲ್ಲಿ ವ್ಯಾಕರಣದ ಪುಸ್ತಕದಲ್ಲಿ ಓದಿದ್ದೆವು. ಹೂವಿನಂತೆ ಎಂಬಲ್ಲಿ ಅದು ಹೋಲಿಕೆಗೆ ಬರುತ್ತದೆ. ಬಂದನಂತೆ, ಹೋದನಂತೆ ಎಂಬಲ್ಲಿ ಈ ಮಾತು ನನ್ನದಲ್ಲ, ಮತ್ತೊಬ್ಬರಿಂದ ಬಂದುದು ಎಂದು ಸೂಚಿಸುತ್ತದೆ. ಮಾತು ಬಾರದ ಕೂಸು ಅತ್ತರೆ ‘ಹಸಿವಾಗಿರಬೇಕು’ ಎನ್ನುತ್ತೇವೆ. ಆಡಲು ಬಲ್ಲ ಮಗುವಾದರೆ ‘ಹಸಿವಂತೆ’ ಎನ್ನುತ್ತೇವೆ. ಆ ಮನೆಯಲ್ಲಿ ಮೂರು ತಿಂಗಳಿಂದ ಯಜಮಾನರ ವಿಷಯದಲ್ಲಿ ಎಲ್ಲವೂ ‘ಇರಬೇಕು’ ಆಗಿತ್ತು: ಚಳಿಯಾಗಿರಬೇಕು, ನೋವಿರಬೇಕು, ನಿದ್ರೆ ಬಂದಿರಬೇಕು. ಮನೆಯವರ ಊಹೆಯೇ ಅವರ ಮನಸ್ಸಾಗಿತ್ತು. ಈಗ ಮೊದಲ ಬಾರಿಗೆ ಆ ತಾಯಿ ಪತಿಯ ಮಾತನ್ನು ಪತಿಯದೆಂದು ಬೇರೆಯವ‌ರಿಗೆ ಮುಟ್ಟಿಸಿದ್ದರು.

ಈ ‘ಅಂತೆ’ ಆ ಮನೆಯಲ್ಲಿ ಹಳೆಯ ನೆನಪೊಂದನ್ನೂ ಎಬ್ಬಿಸಿತು. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2018ರಲ್ಲಿ ಚಿಕಿತ್ಸೆಗಾಗಿ ಕೆಂಗೇರಿಯ ಆಸ್ಪತ್ರೆಗೆ ಬಂದಿದ್ದ ದಿನಗಳಲ್ಲಿ ಯಜಮಾನರ ಬಸ್ಸಿನಲ್ಲಿ ಹತ್ತುವವರು, ಇಳಿಯುವವರು ಎಲ್ಲರೂ ಟಿಕೆಟ್ಟಿಗಿಂತ ಮೊದಲು ‘ಬುದ್ಧಿಯವರು ಹೇಗಿದ್ದಾರೆ?’ ಎಂದು ಕೇಳುತ್ತಿದ್ದರಂತೆ. ಕೆಂಗೇರಿಯಲ್ಲಿ ಹತ್ತಿದವರಿಂದ ತಿಳಿದುಕೊಂಡುದನ್ನು ಯಜಮಾನರು ಮೆಜೆಸ್ಟಿಕ್ಕಿನವರೆಗೂ ಹಂಚುತ್ತಿದ್ದರು: ‘ಚೇತರಿಸಿಕೊಂಡಿದ್ದಾರಂತೆ’, ‘ಪ್ರಸಾದ ತೆಗೆದುಕೊಂಡರಂತೆ’. ಶ್ರೀಗಳವರು 2019ರ ಜನವರಿ 21ರಂದು ನೂರಹನ್ನೊಂದು ವರ್ಷಗಳ ತುಂಬು ಬಾಳನ್ನು ಮುಗಿಸಿ ಲಿಂಗೈಕ್ಯರಾದರು. ‘ಆ ದಿನ ಮಾತ್ರ ಇವರು ಯಾರಿಗೂ ಉತ್ತರ ಕೊಡಲಿಲ್ಲ, ಸುಮ್ಮನೆ ಟಿಕೆಟ್ಟು ಹರಿದುಕೊಡುತ್ತಿದ್ದರಂತೆ’ ಎಂದು ತಾಯಿಯವರು ನಮಗೆ ಹೇಳಿದರು. ಹಾಗೆ ಹೇಳುವಾಗ ಅವರು ಯಜಮಾನರ ಕಡೆ ನೋಡಿ ‘ಅಲ್ಲವೆ?’ ಎಂದು ಕೇಳಿದುದನ್ನು ನಾವು ಗಮನಿಸಿದೆವು. ಯಜಮಾನರು ತಲೆಯಾಡಿಸಿದರು. ಡಿಸೆಂಬರಿನಲ್ಲಿ ಹೀಗೆ ಕೇಳುವುದು ಯಾರಿಗೂ ತೋಚಿರಲಿಲ್ಲ.

ಅಲ್ಲಿಂದ ಮುಂದೆ ಮನೆಯ ನಡೆ ಬದಲಾಯಿತು. ಮೊಮ್ಮಗಳು ‘ತಾತ, ಟಿವಿ ಬೇಕಾ ಬೇಡ್ವಾ?’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಕಾಯುವುದರಲ್ಲಿ ಮಕ್ಕಳು ನಮಗಿಂತ ಮೇಲು. ಮಗ ಎರಡು ಅಂಗಿಗಳನ್ನು ಹಿಡಿದು ಯಾವುದು ಎನ್ನುತ್ತಿದ್ದರು. ಗಂಜಿಯ ಬದಲು ಮೆತ್ತಗಿನ ಮುದ್ದೆ ಬಂದಿತು. ಯಜಮಾನರು ಎಡಗೈಯಿಂದ ತಾವೇ ಉಣ್ಣತೊಡಗಿದರು. ಎಡಗೈ ಊಟವೆಂದು ಬಂಧುಗಳು ಮುಖ ತಿರುಗಿಸಿದಾಗ, ಮಾರ್ಚ್ 22ರ ಯುಗಾದಿಯ ದಿನ ನಾವು ಅವರ ಪಕ್ಕದಲ್ಲಿಯೇ ಎಲೆ ಹಾಕಿಸಿಕೊಂಡು ಪ್ರಸಾದ ಸ್ವೀಕರಿಸಿದೆವು. ಅಣ್ಣನವರೂ ನಮ್ಮ ಆಚೆಗೆ ಬಂದು ಕುಳಿತರು. ಊರಿಗೆ ಕರೆದೊಯ್ಯುವ ಮಾತು ಮತ್ತೆ ಬರಲಿಲ್ಲ.

ಎಲ್ಲವೂ ಏರುಗತಿಯಲ್ಲಿಯೇ ನಡೆಯಿತೆಂದು ವಾಚಕರು ತಿಳಿಯಬಾರದು. ಏಪ್ರಿಲಿನಲ್ಲಿ ಬಚ್ಚಲಿನಲ್ಲಿ ಜಾರಿಬಿದ್ದರು. ಎರಡು ವಾರ ಮಂಚ ಬಿಟ್ಟೇಳಲಿಲ್ಲ. ಕೆಲವು ದಿನ ಕಾರಣವಿಲ್ಲದೆ ಅಳುತ್ತಿದ್ದರು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆಂದು ವೈದ್ಯರು ತಿಳಿಸಿ ಅದಕ್ಕೂ ಔಷಧ ಕೊಟ್ಟರು. ಹೇಳಬೇಕಾದುದು ತಲೆಯಲ್ಲಿ ಸ್ಪಷ್ಟವಾಗಿದ್ದು ಬಾಯಿಗೆ ಬಾರದಾಗ ಮನುಷ್ಯನಿಗೆ ಬರುವ ಸಿಟ್ಟು ಸಾಮಾನ್ಯವಲ್ಲ. ಒಂದು ದಿನ ನೀರಿನ ಲೋಟವನ್ನು ಗೋಡೆಗೆ ಎಸೆದರು. ಸೊಸೆಗೂ ತಾಯಿಯವರಿಗೂ ಆಯಾಸದಿಂದ ಮಾತಿಗೆ ಮಾತು ಬೆಳೆದು ಎರಡು ದಿನ ಮನೆ ಮೌನವಾಗಿತ್ತು. ಬಲಗೈ ಇಂದಿಗೂ ಬಂದಿಲ್ಲ. ಬರುತ್ತದೆಂದು ವೈದ್ಯರು ಹೇಳಲಿಲ್ಲ, ನಾವೂ ಹೇಳಲಿಲ್ಲ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಅಲ್ಲಿಯವರೆಗೆ ಔಷಧ ತರಲೂ ವೈದ್ಯರ ದಿನ ಗೊತ್ತುಮಾಡಿಕೊಳ್ಳಲೂ ಮಗನ ರಜೆಗಾಗಿ ಕಾಯುತ್ತಿದ್ದ ತಾಯಿಯವರು ಒಬ್ಬರೇ ಎರಡು ಬಸ್ಸು ಬದಲಿಸಿ ಹೊಸೂರು ರಸ್ತೆಗೆ ಹೋಗಿಬರಲು ತೊಡಗಿದರು. ಮೊದಲ ದಿನ ಮನೆಗೆ ಮರಳಿದಾಗ ಅವರ ಕೈಯಲ್ಲಿದ್ದ ಶೂನ್ಯ ದರದ ಟಿಕೆಟ್ಟನ್ನು ಯಜಮಾನರು ಕೇಳಿ ಪಡೆದುಕೊಂಡರು. ಹತ್ತಿರ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಎಡಗೈಯ ಹೆಬ್ಬೆರಳಿನಿಂದ ಅದನ್ನು ಉದ್ದುದ್ದಕ್ಕೆ ಮಡಿಸಿದರು. ಕಂಡಕ್ಟರುಗಳು ನೋಟನ್ನು ಮಡಿಸಿ ಬೆರಳ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಬಹಳ ಹೊತ್ತಿನ ಮೇಲೆ ಕೇಳಿದರು: ‘ದುಡ್ಡು... ಇಲ್ವಾ?’ ಇಲ್ಲ ಎಂದರು ತಾಯಿಯವರು. ಯಜಮಾನರು ನಂಬಲಿಲ್ಲವಂತೆ. ಹೆಂಡತಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದರೆಂದು ಸಂಜೆಯವರೆಗೂ ಮುನಿಸಿಕೊಂಡಿದ್ದರಂತೆ; ಮಗ ಬಂದು ಪತ್ರಿಕೆ ತೋರಿಸಿದ ಮೇಲೆ ಸಮಾಧಾನ.

ಈಗ ಅವರು ಮೂರು ಕಾಲಿನ ಕೋಲು ಹಿಡಿದು ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗೆ ದಿನವೂ ಸಂಜೆ ನಡೆಯುತ್ತಾರೆ. ಅಲ್ಲಿನ ಕಲ್ಲುಬೆಂಚಿನ ಮೇಲೆ ಕುಳಿತು ಬಸ್ಸುಗಳನ್ನು ನೋಡುತ್ತಾರೆ. ಹಳೆಯ ಜೊತೆಗಾರರು ಬಸ್ಸಿನಿಂದಲೇ ಕೈಬೀಸುತ್ತಾರೆ. ಮಾತು ಎರಡು ಮೂರು ಪದಗಳ ತುಂಡುಗಳಲ್ಲಿ ಬರುತ್ತದೆ; ನಡುವೆ ದೀರ್ಘ ಮೌನವಿರುತ್ತದೆ. ಅವಸರ ಮಾಡದವರಿಗೆ ಎಲ್ಲವೂ ತಿಳಿಯುತ್ತದೆ. ಪೂಜೆ ಮುಂಚಿನಂತೆ ಬಲ ಅಂಗೈಯ ಮೇಲೆಯೇ ನಡೆಯುತ್ತಿದೆ. ತಾಯಿಯವರು ಕೆಳಗಿನಿಂದ ಕೈ ಆನಿಸುವುದನ್ನು ಮಾತ್ರ ಯಜಮಾನರು ಬೇಡವೆಂದಿದ್ದಾರೆ. ಮೊಣಕಾಲ ಮೇಲೆ ದಿಂಬು ಇಟ್ಟುಕೊಂಡು ಅದರ ಮೇಲೆ ಕೈ ಇಡುತ್ತಾರೆ.

ಕಳೆದ ಬಾರಿ ಹೋದಾಗ ತಾಯಿಯವರನ್ನು ‘ಯಜಮಾನರು ಹೇಗಿದ್ದಾರೆ?’ ಎಂದು ಕೇಳಿದೆವು. ಅವರು ದೂರಿನ ಪಟ್ಟಿಯನ್ನೇ ಬಿಚ್ಚಿದರು. ಸಾರಿಗೆ ಉಪ್ಪು ಸಾಲದಂತೆ. ವೈದ್ಯರು ಉಪ್ಪು ಕಡಿಮೆ ಮಾಡೆಂದು ಹೇಳಿದ್ದಾರೆಂದರೆ ವೈದ್ಯರ ಮನೆಯಲ್ಲಿ ಹೋಗಿ ಊಟ ಮಾಡು ಎನ್ನುತ್ತಾರಂತೆ. ಹೊಸ ಕಂಡಕ್ಟರುಗಳಿಗೆ ಸೀಟಿ ಊದಲು ಬರುವುದಿಲ್ಲವಂತೆ. ಮಠದ ದೀಪೋತ್ಸವದಲ್ಲಿ ಪ್ರಸಾದದ ಸಾಲು ಎರಡು ವರ್ಷಗಳಿಂದ ಕೆಟ್ಟುಹೋಗಿದೆಯಂತೆ, ಹಿಂದೆ ಜಾಗವಿದ್ದರೂ ಜನ ಬಾಗಿಲಲ್ಲೇ ನಿಲ್ಲುತ್ತಾರಂತೆ. ಈ ಕಾರ್ತಿಕದಲ್ಲಿ ಬಾಗಿಲ ಬಳಿ ಅವರಿಗೊಂದು ಕುರ್ಚಿ ಹಾಕಿಸುವುದೆಂದು ಗೊತ್ತುಮಾಡಿದ್ದೇವೆ.